ಅಪ್ಪಣೆ ಮೇರೆಗೆ ಇತರೆ

ಗಜನಿ ಸಂಘದ ನಡಾವಳಿ ಪುಸ್ತಕ ನನ್ನ ಬಳಿ ಇದೆ.
ಒಂಬತ್ತು ವರ್ಷದಿಂದ ಬರೆಯುತ್ತಿದ್ದೇನೆ:
ಜಂತ್ರಡಿಯ ಹಲಗೆಗೆ ಆದ ಖರ್ಚು, ಸಿಗಡಿ ಹರಾಜಿನ ಜಮೆ,
ಸಭೆಗೆ ಬಾರದವರ ಹೆಸರು. ಬಂದು ನಿದ್ದೆ ಹೊಡೆದವರದ್ದು
ಬರೆಯುವ ಪದ್ಧತಿ ಇಲ್ಲ.
ಕೊನೆಯ ಒಂದು ಸಾಲು ಪ್ರತಿ ಸಲವೂ ಖಾಲಿ ಉಳಿಯುತ್ತದೆ,
"ಅಧ್ಯಕ್ಷರ ಅಪ್ಪಣೆ ಮೇರೆಗೆ ಇತರೆ ವಿಷಯಗಳು."
ಇವತ್ತು ಅಪ್ಪಣೆ ಕೇಳದೆ ಅಲ್ಲಿ ಬರೆಯುತ್ತೇನೆ.

ಮೊನ್ನೆ ಅಮಾಸೆಯ ಉಬ್ಬರಕ್ಕೆ ನಮ್ಮ ಕುರ್ವೆಯ ಕಟ್ಟು ಒಡೆಯಿತು.
ಏಡಿ ಕೊರೆದ ಬೆರಳಗಲದ ತೂತು
ರಾತ್ರಿ ಹನ್ನೊಂದಕ್ಕೆ ದೋಣಿ ನುಗ್ಗುವಷ್ಟು ಬಾಯಿ.
ಒಳಗೆ ಕಗ್ಗ ಹಾಲು ತುಂಬಿ ನಿಂತಿತ್ತು.
ಮೊದಲು ಕೂಗಿದವಳು ಬೊಮ್ಮಕ್ಕನ ಸೊಸೆ ಹೊನ್ನಿ,
ಎದೆಗೆ ಕೂಸು ಕಟ್ಟಿಕೊಂಡವಳು,
ಒಂದು ಗುಂಟೆ ಗದ್ದೆಯೂ ಇಲ್ಲದವಳು.

"ಯಾರ ಗದ್ದೆ ಬದಿಗೆ ಒಡೀತ್ರೋ?"
ಕತ್ತಲೊಳಗಿಂದ ಯಾರೋ ಕೇಳಿದರು.
ಯಾರೂ ಉತ್ತರ ಕೊಡಲಿಲ್ಲ.
ಉಪ್ಪುನೀರಿಗೆ ಸರ್ವೆ ನಂಬರು ಗೊತ್ತಿಲ್ಲ.

ಸೀರೆ ಮೊಳಕಾಲಿಗೆ ಎತ್ತಿ ಕಟ್ಟಿ ಸಾಲಿಗೆ ಇಳಿದೆ.
ಕೆಸರಿನ ಹೆಂಟೆ ಕೈಯಿಂದ ಕೈಗೆ ಬರುತ್ತಿತ್ತು.
ಎಡಕ್ಕೆ ಪೀತ್ರು, ಬಲಕ್ಕೆ ಜಟ್ಟಿ ಪಟಗಾರ.
ಅವರಿಬ್ಬರು ಮಾತು ಬಿಟ್ಟು ಹನ್ನೊಂದು ವರ್ಷ,
ಒಂದು ಬುಟ್ಟಿ ಸಿಗಡಿಯ ಲೆಕ್ಕಕ್ಕೆ.
ಹಳೆಯ ಪುಸ್ತಕದಲ್ಲಿದೆ ಆ ಲೆಕ್ಕ;
ಗೆದ್ದಲು ಅದನ್ನು ನನಗಿಂತ ಮೊದಲೇ ಓದಿ ಮುಗಿಸಿದೆ.
ನಡುವೆ ನಾನಿದ್ದೆ, ಅವರ ಕೈ ತಾಗುವ ಪ್ರಮೇಯ ಇರಲಿಲ್ಲ.
ಆಮೇಲೆ ನನ್ನ ಕಾಲು ಕುಸಿಯಿತು. ಸಾಲಿನಿಂದ ಜಾರಿದೆ.
ಹೆಂಟೆ ನಿಲ್ಲಲಿಲ್ಲ.

ಅಷ್ಟೇ. ಪವಾಡ ಏನಲ್ಲ.
ಬೆಳಗ್ಗೆ ಚಾ ಕುಡಿಯುವಾಗ ಮತ್ತೆ ಬೆನ್ನು ತಿರುಗಿಸಿಯೇ ಕೂತರು.
ಪೀತ್ರು ಅಂಗೈಯಿಂದ ಚಿಪ್ಪಿನ ಚೂರು ಕೀಳುವಷ್ಟು ಹೊತ್ತು
ಅವನ ಲೋಟ ಮಾತ್ರ ಜಟ್ಟಿಯ ಕೈಯಲ್ಲಿತ್ತು.

ದೇವರ ಬಗ್ಗೆ ನನಗೆ ಹೆಚ್ಚು ತಿಳಿಯದು.
ಕಟ್ಟಿನ ತಲೆಯ ಹುಲಿದೇವರಿಗೆ ಕಾಯಿ ಒಡೆಯುವಾಗ
ಎಲ್ಲರ ಹಾಗೆ ಕಣ್ಣು ಮುಚ್ಚುತ್ತೇನೆ,
ಒಳಗೊಳಗೇ ಹಲಗೆಯ ಖರ್ಚು ಕೂಡುತ್ತಿರುತ್ತೇನೆ.
ಆ ರಾತ್ರಿ, ಕೆಸರು ಕೊಟ್ಟು ಬರಿದಾದ ಕೈ
ಮುಂದಿನ ಹೆಂಟೆಗೆ ಚಾಚುವ ಮೊದಲು
ಗಾಳಿಯಲ್ಲಿ ಒಂದು ಕ್ಷಣ ನಿಲ್ಲುತ್ತಿತ್ತಲ್ಲ,
ಅದಕ್ಕೆ ಏನೋ ಹೆಸರಿರಬೇಕು ಅನ್ನಿಸಿತು.

ಕಗ್ಗದ ಬೀಜ ಬಿತ್ತಿದಲ್ಲೇ ಕೂರುವುದಿಲ್ಲ.
ನೀರು ಎತ್ತಿಕೊಂಡು ಹೋಗಿ ಪಕ್ಕದವರಲ್ಲಿ ಊರುತ್ತದೆ.
ಅದಕ್ಕೇ ಹಿಂದಿನವರು ಒಟ್ಟಿಗೆ ಕೊಯ್ದು ಪಾಲು ಮಾಡಿದ್ದು.
ಒಳ್ಳೆಯವರಾಗಿದ್ದರು ಅಂತಲ್ಲ, ಬೇರೆ ದಾರಿ ಇರಲಿಲ್ಲ.
ನಮಗೂ ಇಲ್ಲ.
ಇದೆ ಅಂದುಕೊಂಡು ಎಷ್ಟು ಬೇಲಿ ಕಟ್ಟಿದೆವು!

ಹಾಗಾಗಿ ಬರೆಯುತ್ತೇನೆ; ಸೂಚಕರಿಲ್ಲ, ಅನುಮೋದಕರಿಲ್ಲ:
ಕುಮಟೆ ಆಸ್ಪತ್ರೆಯಲ್ಲಿ ಟೋಕನ್ ನಂಬರು ಕೂಗುವವನು
ಒಂದು ದಿನ ಹೆಸರು ಹಿಡಿದು ಕರೆಯಲಿ,
ಕರೆದ ಮೇಲೆ ಮುಖ ನೋಡಲಿ.
ಶಾಲೆಗೆ ಮೊದಲು ಬರುವ ಹುಡುಗನಿಗೆ
ಬರದೇ ಉಳಿದವಳ ಮನೆಯ ದಾರಿ ಗೊತ್ತಿರಲಿ.
ಸತ್ತವರ ಮನೆಗೆ ಮೂರನೇ ದಿನ ಎಲ್ಲರೂ ಹೋಗುತ್ತೇವೆ;
ಮೂರನೇ ತಿಂಗಳು ಒಬ್ಬರಾದರೂ ಒಂದು ಪಾತ್ರೆ ಗಂಜಿ ಒಯ್ಯಲಿ.
ಹೊನ್ನಿಗೆ ಒಂದು ಪಾಲು. ಇದು ಆಸೆಯಲ್ಲ, ಠರಾವು:
ಕೂಗಿದವಳಿಗೂ ಕಟ್ಟಿದವರಷ್ಟೇ ಅಕ್ಕಿ.

ಜಂತ್ರಡಿ ಪೂರ್ತಿ ಮುಚ್ಚಿದರೆ ಮೀನು ಸಾಯುತ್ತದೆ,
ಪೂರ್ತಿ ತೆರೆದರೆ ಭತ್ತ.
ದಿನಕ್ಕೆ ಎರಡು ಸಲ ಯಾರಾದರೂ ನಿದ್ದೆಗೆಟ್ಟು
ಅಘನಾಶಿನಿಯ ಮನಸ್ಸು ನೋಡಿ
ಹಲಗೆ ಎತ್ತಬೇಕು, ಇಳಿಸಬೇಕು.
ಸಮಾಜ ಸಮಾಜ ಎಂದು ಮೈಕಿನಲ್ಲಿ ಹೇಳುವವರಿಗೆ
ನಾನು ಆ ಹಲಗೆಯ ತೂಕ ಹೇಳಬಲ್ಲೆ.
ಒದ್ದೆಯಾದಾಗ ಇಬ್ಬರು ಬೇಕು.

ಅಧ್ಯಕ್ಷರು ಇದನ್ನು ಓದಿ ಅಡ್ಡ ಗೀಟು ಎಳೆಯಬಹುದು.
ಎಳೆಯಲಿ, ಹೊನ್ನಿಯ ಸಾಲೊಂದು ಬಿಟ್ಟು.

ಈ ರಾತ್ರಿಯ ಉಬ್ಬರ ಒಂದು ಗಂಟೆಗೆ.
ಸರದಿ ನನ್ನದು.
ಪಕ್ಕದಲ್ಲಿ ಇನ್ನೊಂದು ಹೆಸರಿಗೆ ಜಾಗ ಬಿಟ್ಟಿದ್ದೇನೆ.